ಎಷ್ಟು ದಿನದ ಬುತ್ತಿ?

ಧಾರವಾಡದ ಬಸ್ ನಿಲ್ದಾಣದಲ್ಲಿ ಮೊನ್ನೆ ಒಬ್ಬ ತಾಯಿ ಮಗನಿಗೆ ಹೇಳುತ್ತಿದ್ದಳು: “ರೊಟ್ಟಿ ಪ್ಯಾಕ್ ಮಾಡೀನಿ, ಚಟ್ನಿ ಪ್ಯಾಕ್ ಮಾಡೀನಿ, ಕೌದಿನೂ ಪ್ಯಾಕ್ ಆಗೇತಿ ನೋಡಪಾ.” ಹುಡುಗ ಹಾಸ್ಟೆಲ್ಲಿಗೆ ಹೊಸಬ. ಪಕ್ಕದಲ್ಲಿ ಬೀಗ ಹಾಕಿದ ಟ್ರಂಕು, ಹೊಸ ಬಕೆಟ್ಟು, ಬಕೆಟ್ಟಿನೊಳಗೆ ತಾಟು, ತಂಬಿಗೆ. ಎಲ್ಲ ಸರಿ, ಮೂರಕ್ಕೂ ಒಂದೇ ‘ಪ್ಯಾಕ್’ ಯಾಕೆ? ಕೌದಿಯನ್ನು ಸುತ್ತುತ್ತೇವೆ, ಚಟ್ನಿಯನ್ನು ಡಬ್ಬಿಗೆ ತುಂಬುತ್ತೇವೆ, ರೊಟ್ಟಿಯನ್ನು ಕಟ್ಟುತ್ತೇವೆ. ಕಟ್ಟಿದ ಮೇಲೆ ರೊಟ್ಟಿ ಬರೀ ರೊಟ್ಟಿಯಲ್ಲ, ಬುತ್ತಿ.

ಬುತ್ತಿ ಎಂದರೆ ದಾರಿ ಹಿಡಿದ ಅನ್ನ. ಮನೆಯಲ್ಲಿ ಕೂತು ಉಂಡರೆ ಊಟ, ಹೊಲಕ್ಕೋ ಪರವೂರಿಗೋ ಒಯ್ದರೆ ಬುತ್ತಿ. ಮನೆಯಲ್ಲೇ ಕಲಸಿ ಉಣ್ಣುವ ಮೊಸರನ್ನಕ್ಕೂ ಮೊಸರುಬುತ್ತಿ ಎನ್ನುವುದುಂಟಲ್ಲ ಎಂದು ಕೇಳಬಹುದು. ಅದೂ ಒಂದು ಕಾಲಕ್ಕೆ ಪ್ರಯಾಣಕ್ಕೆಂದೇ ಕಲಸಿದ್ದು, ಪ್ರಯಾಣ ನಿಂತ ಮೇಲೂ ಹೆಸರು ಉಳಿಯಿತು ಎಂಬುದು ನನ್ನ ಗಟ್ಟಿ ನಂಬಿಕೆ. ಪದದ ಮೂಲ ಯಾವ ಭಾಷೆಯದೆಂಬ ವಾದ ನಿಘಂಟಿನವರಿಗಿರಲಿ.

ನನಗೆ ಮುಖ್ಯವಾದದ್ದು ಗಾದೆ: ‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ?’ ಇದನ್ನು ದಡ್ಡರನ್ನು ಹಂಗಿಸಲು ಬಳಸುತ್ತಾರೆ. ಸ್ವಂತ ಬುದ್ಧಿ ಬೇಕಪ್ಪಾ, ಹೇಳಿಕೊಟ್ಟದ್ದು ಸಾಲದು, ಅಂತ. ಆದರೆ ಈ ಗಾದೆ ಹುಟ್ಟಿದ್ದು ಪಂಡಿತನ ಬಾಯಲ್ಲಲ್ಲ, ಒಲೆಯ ಮುಂದೆ ಎಂದೇ ನಾನು ವಾದಿಸುತ್ತೇನೆ. ‘ಎಷ್ಟು ದಿನ?’ ಎಂಬುದು ಹಂಗಿಸುವ ಮಾತಲ್ಲ, ಲೆಕ್ಕದ ಪ್ರಶ್ನೆ. ಮಗನನ್ನು ಓದಲು ಕಳಿಸುವ ತಾಯಿಗೆ ಅದರ ಉತ್ತರ ಚೆನ್ನಾಗಿ ಗೊತ್ತು. ಮೆತ್ತನ್ನ ಜೋಳದ ರೊಟ್ಟಿ ಮರುದಿನಕ್ಕೆ ಬಿರುಸಾಗುತ್ತದೆ. ತೇವ ಪೂರ್ತಿ ಆರುವವರೆಗೆ ಒಣಗಿಸಿದ ಕಟಕ ರೊಟ್ಟಿಗೆ ಬೂಸಲು ಹಿಡಿಯುವುದಿಲ್ಲ, ವಾರಗಟ್ಟಲೆ ಇರುತ್ತದೆ. ಕಡಲೆಬೇಳೆ ಹೂರಣದಲ್ಲಿ ನೀರಿನಂಶ ಉಂಟು, ಆ ಹೋಳಿಗೆ ಬೇಗ ಹಳಸುತ್ತದೆ. ಹುರಿದ ಶೇಂಗಾ, ಬೆಲ್ಲದ ಹೋಳಿಗೆ ತಡೆಯುತ್ತದೆ. ಅದಕ್ಕೇ ಹಾಸ್ಟೆಲ್ಲಿನ ಗಂಟಿನಲ್ಲಿ ಎರಡನೆಯದೇ ಇರುವುದು. ಮಾತೂ ಹಾಗೇ. ‘ಚೆಂದಾಗಿ ಓದು’ ಎಂಬುದು ಮೆತ್ತನ್ನ ರೊಟ್ಟಿ. ‘ಟ್ರಂಕಿನ ಕೀಲಿ ಉಡದಾರಕ್ಕೆ ಕಟ್ಟಿಕೋ’ ಎಂಬುದು ಡಿಗ್ರಿ ಮುಗಿಯುವವರೆಗೂ ಬರುತ್ತದೆ. ಯಾವುದು ಬಾಳುತ್ತದೆಂದು ನೋಡಿ ಕಟ್ಟಬೇಕು, ನೋಡಿ ಹೇಳಬೇಕು.

ಇನ್ನು ನಾಲ್ವರ ಖೋಲಿ. ಅಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ವಿಜಯಪುರದವನ ಅಗಸಿ ಚಟ್ನಿ, ಶಿರಸಿಯವನ ಹಲಸಿನ ಹಪ್ಪಳ, ಬೆಳಗಾವಿಯವನ ಕುಂದಾ, ತಿಂಗಳಿಗೆಂದು ಕಟ್ಟಿದ್ದು ಮೊದಲ ರಾತ್ರಿಗೇ ಖಾಲಿ. “ಬುತ್ತಿ ಬಿಚ್ಚಲೇ” ಎಂದು ಗುರುತಿಲ್ಲದ ಹುಡುಗ ಗದರಿದರೆ ಅಲ್ಲಿಗೆ ಗೆಳೆತನ ಶುರುವಾಯಿತೆಂದೇ ಅರ್ಥ. ಕಟ್ಟುವುದಕ್ಕೆ ಬಿಚ್ಚುವುದು ಜೋಡಿ. ಈಗಿನ ‘ಪ್ಯಾಕ್’ಗೆ ಆ ಜೋಡಿಯೇ ಇಲ್ಲ, ಪ್ಯಾಕ್ ಮಾಡಿದ್ದನ್ನು ‘ಓಪನ್’ ಮಾಡುತ್ತಾರೆ, ತಮ್ಮ ತಮ್ಮ ಮಂಚದ ಮೇಲೆ ಕೂತು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬುತ್ತಿ ತೀರಿದರೆ? ಧಾರವಾಡದ ಮುರುಘಾಮಠದಂಥ ಕಡೆ ಓದುವ ಹುಡುಗರಿಗೆ ಪ್ರಸಾದ ನಿಲಯವಿತ್ತು, ಊರಲ್ಲಿ ಖಾನಾವಳಿಗಳಿದ್ದವು. ಎರಡೂ ಇಲ್ಲದೆ ಖೋಲಿ ಹಿಡಿದು ಓದಿದವರಿಗೆ ಊರಿನ ಬಸ್ಸಿತ್ತು. ಮುಂಜಾನೆ ಅಪ್ಪ ಬಿಳಿ ಅರಿವೆಯ ಗಂಟನ್ನು ಡ್ರೈವರಿನ ಪಕ್ಕ ಇಡುತ್ತಿದ್ದ, ಮಗ ನಿಲ್ದಾಣದಲ್ಲಿ ಕಾಯುತ್ತಿದ್ದ. ಅದಕ್ಕೆ ಕಳಿಸುವುದು ಎನ್ನುತ್ತಿರಲಿಲ್ಲ, ‘ಬಸ್ಸಿಗೆ ಬುತ್ತಿ ಇಡೋದು’ ಎನ್ನುತ್ತಿದ್ದರು. ಗಾದೆ ಕಟ್ಟಿದ ತಾಯಿಗೆ ಬಸ್ಸು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ‘ಎಷ್ಟು ದಿನ?’ ಎಂದು ಕೇಳುತ್ತಲೇ ಇರಲಿಲ್ಲ, ನಾಳೆಯ ಹಿಟ್ಟು ನಾದುತ್ತಿದ್ದಳು.