ವೀಕ್ ರೆಫರೆನ್ಸ್ ಮತ್ತು ತಾನೇ ಬರಿದಾಗುವ ಮ್ಯಾಪ್‌ಗಳು

ವೀಕ್ ರೆಫರೆನ್ಸ್ ಎಂದರೆ ಮೆಮೊರಿಯಲ್ಲಿರುವ ಒಂದು ಆಬ್ಜೆಕ್ಟನ್ನು ತೋರಿಸುವ, ಆದರೆ ಅದನ್ನು ಉಳಿಸಿಕೊಳ್ಳುವ ಹಕ್ಕಿಲ್ಲದ ಕೊಂಡಿ. ಡೈರಿಯಲ್ಲಿ ಒಬ್ಬರ ವಿಳಾಸ ಬರೆದಿಟ್ಟುಕೊಂಡ ಮಾತ್ರಕ್ಕೆ ಅವರು ಮನೆ ಖಾಲಿ ಮಾಡುವುದೇನೂ ನಿಲ್ಲುವುದಿಲ್ಲ. ಈ ಕೊಂಡಿಯೂ ಹಾಗೆಯೇ. ಪ್ರೋಗ್ರಾಮಿನ ಬೇರೆ ಯಾವ ಭಾಗಕ್ಕೂ ಆ ಆಬ್ಜೆಕ್ಟ್ ಬೇಡವಾದಾಗ ಗಾರ್ಬೇಜ್ ಕಲೆಕ್ಟರ್ ಅದನ್ನು ತೆಗೆದುಹಾಕುತ್ತದೆ, ಕೊಂಡಿ ಬರಿದಾಗುತ್ತದೆ. ಜಾವಾ, ಪೈಥಾನ್, ಲುವಾ, ಜಾವಾಸ್ಕ್ರಿಪ್ಟ್, ಹ್ಯಾಸ್ಕೆಲ್ ಮೊದಲಾದ ಭಾಷೆಗಳಲ್ಲಿ ಇದರ ಒಂದಲ್ಲ ಒಂದು ರೂಪವಿದೆ. ಕೊಂಡಿಗಿಂತಲೂ ಅದರಿಂದ ಕಟ್ಟಿದ ಮ್ಯಾಪ್ ಮತ್ತು ಸೆಟ್‌ಗಳೇ ಹೆಚ್ಚು ಬಳಕೆಯಲ್ಲಿವೆ. ಅವುಗಳನ್ನು ಸರಿಯಾಗಿ ರೂಪಿಸುವುದು ಮೊದಲಿಗೆ ಕಂಡಷ್ಟು ಸುಲಭವಾಗಿರಲಿಲ್ಲ.

ಬೇಡವಾದ ಮೆಮೊರಿಯನ್ನು ತಾನಾಗಿ ಮರಳಿ ಪಡೆಯುವ ಎರಡು ಮುಖ್ಯ ವಿಧಾನಗಳೂ 1960ರಲ್ಲೇ ಪ್ರಕಟವಾದವು. ಲಿಸ್ಪ್ ಭಾಷೆಯ ಜನಕ ಜಾನ್ ಮೆಕಾರ್ಥಿ ವಿವರಿಸಿದ ವಿಧಾನದಲ್ಲಿ, ಪ್ರೋಗ್ರಾಮ್ ನೇರವಾಗಿ ಹಿಡಿದಿರುವ ಕೊಂಡಿಗಳಿಂದ ಹೊರಟು ತಲುಪಬಹುದಾದ ಎಲ್ಲವನ್ನೂ ಗುರುತು ಮಾಡಿ, ಗುರುತಾಗದೆ ಉಳಿದದ್ದನ್ನು ತೆಗೆಯಲಾಗುತ್ತದೆ. ಜಾರ್ಜ್ ಕಾಲಿನ್ಸ್ ಅವರದು ಎಣಿಕೆಯ ದಾರಿ: ಪ್ರತಿ ಆಬ್ಜೆಕ್ಟಿಗೂ ಎಷ್ಟು ಕೊಂಡಿಗಳಿವೆ ಎಂದು ಲೆಕ್ಕವಿಟ್ಟು, ಲೆಕ್ಕ ಸೊನ್ನೆಗಿಳಿದಾಗ ಬಿಡುಗಡೆ ಮಾಡುವುದು. ಎರಡರಲ್ಲೂ ಎಲ್ಲ ಕೊಂಡಿಗಳಿಗೂ ಒಂದೇ ಬೆಲೆ. ಒಂದು ಆಬ್ಜೆಕ್ಟನ್ನು ಯಾರಾದರೂ ನೆನಪಿಟ್ಟಿದ್ದಾರೆ ಎಂದರೆ ಅದು ಬೇಕಾಗಿದೆ ಎಂದೇ ಅರ್ಥ.

ತೊಡಕು ಇರುವುದು ಇಲ್ಲೇ. ಫೋಟೋ ತೋರಿಸುವ ಒಂದು ತಂತ್ರಾಂಶ, ಒಂದೇ ಫೈಲನ್ನು ಎರಡು ಸಲ ಓದದಿರಲೆಂದು, ತೆರೆದ ಪ್ರತಿ ಚಿತ್ರವನ್ನೂ ಒಂದು ಮ್ಯಾಪ್‌ನಲ್ಲಿ ಇಟ್ಟುಕೊಳ್ಳುತ್ತದೆ ಎನ್ನಿ. ಬಳಕೆದಾರರು ಕಿಟಕಿ ಮುಚ್ಚಿದರೂ ಮ್ಯಾಪ್ ಚಿತ್ರವನ್ನು ಬಿಡುವುದಿಲ್ಲ. ಕಲೆಕ್ಟರ್ ಇದ್ದೂ ಮೆಮೊರಿ ಸೋರುತ್ತದೆ. ಕಲೆಕ್ಟರಿನ ಕಣ್ಣಿಗೆ ಅದು ಸೋರಿಕೆಯೇ ಅಲ್ಲ.

1998ರ ಡಿಸೆಂಬರಿನಲ್ಲಿ ಬಂದ ಜಾವಾ 1.2 ಇದಕ್ಕೆ ಮೂರು ದರ್ಜೆಯ ಕೊಂಡಿಗಳನ್ನು ಕೊಟ್ಟಿತು: ಸಾಫ್ಟ್, ವೀಕ್, ಫ್ಯಾಂಟಮ್. ಮೆಮೊರಿಗೆ ಅಭಾವ ಬರುವವರೆಗೆ ಆಬ್ಜೆಕ್ಟ್ ಉಳಿಯಲಿ ಎಂಬುದು ಸಾಫ್ಟ್ ಕೊಂಡಿಯ ಆಶಯ. ಜಾವಾ ಪ್ರೋಗ್ರಾಮ್‌ಗಳನ್ನು ಓಡಿಸುವ ಹಾಟ್‌ಸ್ಪಾಟ್ ಜೆವಿಎಂನಲ್ಲಿ ಖಾಲಿ ಇರುವ ಪ್ರತಿ ಮೆಗಾಬೈಟಿಗೆ 1000 ಮಿಲಿಸೆಕೆಂಡಿನಂತೆ ಅದರ ಆಯುಸ್ಸನ್ನು ಲೆಕ್ಕ ಹಾಕಲಾಗುತ್ತದೆ; ಬೇಕಾದವರು ಈ ಸಂಖ್ಯೆಯನ್ನು ಬದಲಿಸಿಕೊಳ್ಳಬಹುದು. ವೀಕ್ ಕೊಂಡಿಗೆ ಅಂಥ ರಿಯಾಯಿತಿ ಇಲ್ಲ. ಫ್ಯಾಂಟಮ್ ಕೊಂಡಿಯಿಂದ ಆಬ್ಜೆಕ್ಟನ್ನು ಮರಳಿ ಪಡೆಯಲು ಬರುವುದೇ ಇಲ್ಲ. ಅದು ಹೋಯಿತೆಂಬ ಸುದ್ದಿ ಮಾತ್ರ ಸಿಗುತ್ತದೆ, ಉಳಿದ ಸ್ವಚ್ಛತಾ ಕೆಲಸಕ್ಕೆ ಅಷ್ಟು ಸಾಕು. ವೀಕ್ ಕೊಂಡಿಯನ್ನು ಬಳಸುವಾಗ ಒಂದು ಶಿಸ್ತು ಬೇಕು. ‘ಗೆಟ್’ ಎಂದು ಕರೆದು ನಲ್ ಅಲ್ಲವೆಂದು ನೋಡಿ, ಮತ್ತೊಮ್ಮೆ ‘ಗೆಟ್’ ಕರೆದು ಬಳಸಿದರೆ ಆ ಎರಡು ಕರೆಗಳ ನಡುವೆಯೇ ಕಲೆಕ್ಟರ್ ಓಡಿರಬಹುದು. ಮೊದಲ ಕರೆಯ ಫಲಿತಾಂಶವನ್ನು ಸಾಮಾನ್ಯ ವೇರಿಯೇಬಲ್‌ಗೆ ತೆಗೆದುಕೊಂಡು ಅದನ್ನೇ ಪರೀಕ್ಷಿಸಿ, ಅದನ್ನೇ ಬಳಸಬೇಕು.

ಅದೇ ಆವೃತ್ತಿಯಲ್ಲಿ ವೀಕ್‌ಹ್ಯಾಶ್‌ಮ್ಯಾಪ್ ಕೂಡ ಬಂತು. ಇದರಲ್ಲಿ ಕೀಲಿಯನ್ನು ದುರ್ಬಲವಾಗಿ, ಮೌಲ್ಯವನ್ನು ಬಲವಾಗಿ ಹಿಡಿಯಲಾಗುತ್ತದೆ. ಕೀಲಿ ಹೋದರೆ ಆ ಜೋಡಿಯೂ ಹೋಗಬೇಕು. ಆದರೆ ಮೌಲ್ಯವೇ ತನ್ನ ಕೀಲಿಯನ್ನು ಹಿಡಿದಿದ್ದರೆ? ಚಿತ್ರ ಕೀಲಿ, ಅದರ ವಿವರ ಮೌಲ್ಯ, ಆ ವಿವರದೊಳಗೆ ‘ಇದು ಯಾವ ಚಿತ್ರದ್ದು’ ಎಂಬ ಫೀಲ್ಡ್. ಮ್ಯಾಪ್ ವಿವರವನ್ನು ಬಲವಾಗಿ ಹಿಡಿದಿದೆ, ವಿವರ ಚಿತ್ರವನ್ನು ಬಲವಾಗಿ ಹಿಡಿದಿದೆ. ಮ್ಯಾಪ್ ಇರುವವರೆಗೂ ಚಿತ್ರಕ್ಕೆ ಸಾವಿಲ್ಲ. ದುರ್ಬಲ ಕೊಂಡಿ ಇದ್ದೂ ಇಲ್ಲದಂತಾಯಿತು. ಇಂಥ ಫೀಲ್ಡ್ ಎಲ್ಲೋ ಅಪರೂಪಕ್ಕೆ ಬರುವಂಥದ್ದಲ್ಲ, ದಿನನಿತ್ಯದ ಕೋಡಿನಲ್ಲಿ ಕಾಣುವಂಥದ್ದೇ. ಜಾವಾದ ದಾಖಲೆ ಈ ಬಗ್ಗೆ ಎಚ್ಚರಿಕೆ ಕೊಟ್ಟು, ಹೊಣೆಯನ್ನು ಪ್ರೋಗ್ರಾಮರಿಗೆ ಬಿಡುತ್ತದೆ. ಚಿಕ್ಕ ಪೂರ್ಣಾಂಕಗಳನ್ನು ಕೀಲಿಯಾಗಿ ಬಳಸಿದರೂ ಇದೇ ಗತಿ: −128ರಿಂದ 127ರವರೆಗಿನ ಇಂಟೀಜರ್ ಆಬ್ಜೆಕ್ಟ್‌ಗಳನ್ನು ಜಾವಾ ಸಾಮಾನ್ಯವಾಗಿ ಕಾಯಂ ಆಗಿ ಇಟ್ಟುಕೊಂಡಿರುವುದರಿಂದ ಆ ಜೋಡಿಗಳು ತಾವಾಗಿ ಅಳಿಯುವುದೇ ಇಲ್ಲ.

ಈ ಗಂಟನ್ನು ಬಿಡಿಸುವ ರಚನೆಗೆ ಎಫೆಮೆರಾನ್ ಎಂದು ಹೆಸರು. ಜಾರ್ಜ್ ಬಾಸ್‌ವರ್ತ್ ಅವರ ಈ ಕಲ್ಪನೆಯನ್ನು ಬ್ಯಾರಿ ಹೇಯ್ಸ್ 1997ರ ಪ್ರಬಂಧವೊಂದರಲ್ಲಿ ವಿವರಿಸಿದರು. ಅದರ ನಿಯಮ ಒಂದೇ ಸಾಲಿನದು: ಕೀಲಿ ಬೇರೆ ದಾರಿಯಿಂದ ತಲುಪುವಂತಿದ್ದರೆ ಮಾತ್ರ ಮೌಲ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲೆಕ್ಟರ್ ಗುರುತು ಮಾಡುತ್ತಾ ಬರುವಾಗ ಎಫೆಮೆರಾನ್ ಎದುರಾದರೆ, ಕೀಲಿಗೆ ಇನ್ನೂ ಗುರುತು ಬಿದ್ದಿಲ್ಲವೆಂದಾದರೆ ಒಳಹೋಗದೆ ಪಕ್ಕಕ್ಕಿಡುತ್ತದೆ. ಉಳಿದದ್ದೆಲ್ಲ ಮುಗಿದ ಮೇಲೆ ಪಕ್ಕಕ್ಕಿಟ್ಟವನ್ನು ಮತ್ತೆ ನೋಡುತ್ತದೆ. ಯಾವುದರ ಕೀಲಿಗೆ ಅಷ್ಟರಲ್ಲಿ ಗುರುತು ಬಿದ್ದಿದೆಯೋ ಅದರ ಮೌಲ್ಯವನ್ನು ಗುರುತಿಸಿ, ಅಲ್ಲಿಂದ ತಲುಪುವುದನ್ನೂ ಗುರುತಿಸುತ್ತದೆ. ಇದರಿಂದ ಮತ್ತೊಂದು ಕೀಲಿ ಬದುಕಿಕೊಳ್ಳಬಹುದು, ಹಾಗಾಗಿ ಇನ್ನೊಂದು ಸುತ್ತು. ಹೊಸದೇನೂ ಸಿಗದಿದ್ದಾಗ ಉಳಿದ ಜೋಡಿಗಳೆಲ್ಲ ಕಸ. ಸರಳವಾಗಿ ಬರೆದರೆ ಈ ಸುತ್ತುಗಳು ಕೆಟ್ಟ ಸಂದರ್ಭದಲ್ಲಿ ಜೋಡಿಗಳ ಸಂಖ್ಯೆಯ ವರ್ಗದಷ್ಟು ಬೆಳೆಯುತ್ತವೆ. ಭಾಷೆ ಕಟ್ಟುವವರು ಹಿಂಜರಿಯಲು ಅದೂ ಒಂದು ಕಾರಣ. ಆದರೂ ಆ ಬೆಲೆಯನ್ನು ತೆರುವುದೇ ಸರಿ. ಇಲ್ಲದಿದ್ದರೆ ಕಷ್ಟವೆಲ್ಲ ಕೋಡ್ ಬರೆಯುವವರ ತಲೆಗೆ ಬೀಳುತ್ತದೆ.

ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲುವಾ ಭಾಷೆಯಲ್ಲಿ, ಟೇಬಲ್ಲಿನ ಮೆಟಾಟೇಬಲ್‌ನಲ್ಲಿ ಒಂದು ಅಕ್ಷರ ಬರೆದರೆ ಕೀಲಿಗಳೋ ಮೌಲ್ಯಗಳೋ ದುರ್ಬಲವಾಗುತ್ತವೆ. ಮೊದಲು ಅಲ್ಲೂ ಜಾವಾದ್ದೇ ತೊಂದರೆ ಇತ್ತು. 2011ರ 5.2ನೇ ಆವೃತ್ತಿಯಿಂದ ದುರ್ಬಲ ಕೀಲಿಯ ಟೇಬಲ್‌ಗಳು ಎಫೆಮೆರಾನ್‌ಗಳಾದವು. ಡಾಟ್‌ನೆಟ್ 2010ರಲ್ಲೇ ಅಂಥದ್ದೊಂದನ್ನು ಸೇರಿಸಿತ್ತು.

ಜಾವಾಸ್ಕ್ರಿಪ್ಟಿಗೆ 2015ರಲ್ಲಿ ಬಂದ ವೀಕ್‌ಮ್ಯಾಪ್ ಮೊದಲಿನಿಂದಲೂ ಎಫೆಮೆರಾನ್ ನಿಯಮವನ್ನೇ ಪಾಲಿಸುತ್ತದೆ. ವೆಬ್ ಪುಟದ ಒಂದು ಗುಂಡಿಗೆ ಹೆಚ್ಚಿನ ಮಾಹಿತಿ ಅಂಟಿಸಿಟ್ಟು, ಗುಂಡಿ ಪುಟದಿಂದ ಹೋದಾಗ ಮಾಹಿತಿಯೂ ಹೋಗಲಿ ಎನ್ನುವವರಿಗೆ ಇದು ಹೇಳಿಮಾಡಿಸಿದ್ದು. ಆದರೆ ಇದರಲ್ಲಿ ಎಷ್ಟು ಜೋಡಿಗಳಿವೆ ಎಂದು ಕೇಳುವಂತಿಲ್ಲ, ಒಂದೊಂದಾಗಿ ಸುತ್ತಿ ನೋಡುವಂತೆಯೂ ಇಲ್ಲ. ಈ ಮಿತಿ ಉದ್ದೇಶಪೂರ್ವಕ: ಎಣಿಸಲು ಬಿಟ್ಟರೆ ಕಲೆಕ್ಟರ್ ಯಾವಾಗ ಓಡಿತು ಎಂಬುದು ಪ್ರೋಗ್ರಾಮಿಗೆ ಕಾಣಿಸುತ್ತದೆ, ಒಂದೇ ಕೋಡ್ ಒಂದೊಂದು ಬ್ರೌಸರಿನಲ್ಲಿ ಒಂದೊಂದು ಉತ್ತರ ಕೊಡತೊಡಗುತ್ತದೆ. 2021ರಲ್ಲಿ ಬಿಡಿ ವೀಕ್ ಕೊಂಡಿಯೂ ಸೇರಿತು. ಸಾಧ್ಯವಾದಷ್ಟು ಅದನ್ನು ಬಳಸದಿರಿ ಎಂದು ಅದನ್ನು ರೂಪಿಸಿದವರೇ ಸಲಹೆ ಕೊಟ್ಟಿದ್ದಾರೆ.

ಪೈಥಾನಿನಲ್ಲಿ ಈ ಸೌಲಭ್ಯ 2001ರಿಂದ, ಅಂದರೆ 2.1ನೇ ಆವೃತ್ತಿಯಿಂದ ಇದೆ. ಭಾಷೆಯ ಮುಖ್ಯ ಅಳವಡಿಕೆಯಾದ ಸಿಪೈಥಾನ್ ಎಣಿಕೆಯ ದಾರಿಯನ್ನು ಹಿಡಿದಿರುವುದರಿಂದ ಅಲ್ಲಿ ಕೊನೆಯ ಬಲವಾದ ಕೊಂಡಿ ಕಳಚಿದ ಕ್ಷಣವೇ ವೀಕ್ ಕೊಂಡಿ ಬರಿದಾಗುತ್ತದೆ. ಇನ್ನೊಂದು ಅಳವಡಿಕೆಯಾದ ಪೈಪೈಯಲ್ಲಿ ಕಲೆಕ್ಟರ್ ಬರುವವರೆಗೆ ಕಾಯಬೇಕು. ಪೈಥಾನಿನ ಅಸಿಂಕ್‌ಐಒ ಗ್ರಂಥಾಲಯ, ತಾನು ಓಡಿಸುವ ಟಾಸ್ಕ್‌ಗಳನ್ನು ವೀಕ್ ಕೊಂಡಿಗಳಲ್ಲಷ್ಟೇ ನೆನಪಿಡುತ್ತದೆ. ಟಾಸ್ಕ್ ಹುಟ್ಟಿಸಿದವರು ಅದನ್ನು ಯಾವ ವೇರಿಯೇಬಲ್‌ನಲ್ಲೂ ಇಟ್ಟುಕೊಳ್ಳದಿದ್ದರೆ, ಕೆಲಸ ಅರ್ಧದಲ್ಲಿರುವಾಗಲೇ ಅದು ಸದ್ದಿಲ್ಲದೆ ಮಾಯವಾಗಬಹುದು. ಪೈಥಾನಿನ ದಾಖಲೆ ಹೇಳುವ ಪರಿಹಾರ ಸೀದಾ: ಟಾಸ್ಕನ್ನು ಸಾಮಾನ್ಯ ಸೆಟ್ ಒಂದಕ್ಕೆ ಸೇರಿಸಿ, ಮುಗಿದಾಗ ತೆಗೆದುಹಾಕುವ ಕಾಲ್‌ಬ್ಯಾಕನ್ನು ಅದಕ್ಕೇ ಜೋಡಿಸುವುದು. 2022ರಲ್ಲಿ ಬಂದ 3.11ನೇ ಆವೃತ್ತಿಯ ಟಾಸ್ಕ್‌ಗ್ರೂಪ್ ತನ್ನ ಟಾಸ್ಕ್‌ಗಳನ್ನು ಬಲವಾಗಿಯೇ ಹಿಡಿದುಕೊಳ್ಳುತ್ತದೆ, ಎಲ್ಲವೂ ಮುಗಿಯುವವರೆಗೆ ಕಾಯುತ್ತದೆ.