ಅಂಡಾಶಯದ ಕ್ಯಾನ್ಸರ್ ತಪಾಸಣೆಯ ಚರಿತ್ರೆ

ರೋಗಲಕ್ಷಣಗಳಿಲ್ಲದ ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು 1980ರ ದಶಕದಿಂದ ನಡೆದುಬಂದ ಪ್ರಯತ್ನಗಳ ಚರಿತ್ರೆ. ಅಂಡಾಶಯ ಕಿಬ್ಬೊಟ್ಟೆಯ ಆಳದಲ್ಲಿರುವುದರಿಂದ ಬಹುಪಾಲು ಪ್ರಕರಣಗಳು ರೋಗ ಹರಡಿದ ಮೇಲೆಯೇ ಬೆಳಕಿಗೆ ಬರುತ್ತವೆ. ಮೊದಲ ಹಂತದಲ್ಲೇ ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. ಬೇಗ ಹಿಡಿದರೆ ಸಾವು ತಪ್ಪೀತೆಂಬ ನಿರೀಕ್ಷೆ ಹುಟ್ಟಿದ್ದು ಇದರಿಂದಲೇ.

1981ರಲ್ಲಿ ಬಾಸ್ಟನ್ನಿನಲ್ಲಿ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಈ ಕ್ಯಾನ್ಸರಿನ ಕೋಶಗಳಿಗೆ ಅಂಟುವ ಪ್ರತಿಕಾಯವೊಂದನ್ನು ರೂಪಿಸಿದರು. ಅದು ಗುರುತಿಸುವ ಸಿಎ-125 ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ವಿಧಾನ 1983ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಮೇಲೆ ನಿಗಾ ಇಡಲು ಅದು ಇಂದಿಗೂ ಒಳ್ಳೆಯ ಸಾಧನ. ತಪಾಸಣೆಗೆ ಮಾತ್ರ ಒಗ್ಗಲಿಲ್ಲ: ಮುಟ್ಟು, ಬಸಿರು, ಎಂಡೊಮೆಟ್ರಿಯೋಸಿಸ್, ನಮ್ಮಲ್ಲಿ ಅಪರೂಪವಲ್ಲದ ಹೊಟ್ಟೆಯ ಕ್ಷಯ, ಇವುಗಳಲ್ಲೂ ಅದರ ಪ್ರಮಾಣ ಏರುತ್ತದೆ, ಆರಂಭದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಏರುವುದೇ ಇಲ್ಲ.

ಅಮೆರಿಕದಲ್ಲಿ 1993ರಲ್ಲಿ ಶುರುವಾದ ಪಿಎಲ್‌ಸಿಓ ಪ್ರಯೋಗ 78,216 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮತ್ತು ಯೋನಿಯ ಮೂಲಕ ಸ್ಕ್ಯಾನಿಂಗ್ ಮಾಡಿತು. 2011ರ ಫಲಿತಾಂಶ ತಣ್ಣೀರೆರಚಿತು. ತಪಾಸಣೆಯ ಗುಂಪಿನಲ್ಲಿ 118, ಇನ್ನೊಂದರಲ್ಲಿ 100 ಮಂದಿ ಈ ಕ್ಯಾನ್ಸರಿನಿಂದ ಸತ್ತಿದ್ದರು. ಕ್ಯಾನ್ಸರ್ ಇಲ್ಲದ 3,285 ಮಂದಿಗೆ ಸಂಶಯದ ಫಲಿತಾಂಶ ಬಂದಿತ್ತು; ಅವರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು, 163 ಮಂದಿಗೆ ಗಂಭೀರ ತೊಡಕುಗಳಾದವು.

ಬ್ರಿಟನ್ನಿನ ಇಯಾನ್ ಜೇಕಬ್ಸ್ ಮತ್ತು ಅಮೆರಿಕದ ಸ್ಟೀವನ್ ಸ್ಕೇಟ್ಸ್ ಹಿಡಿದ ದಾರಿ ಹೆಚ್ಚು ಜಾಣತನದ್ದು. ಒಂದು ಸಲದ ಅಂಕಿಯನ್ನು ನಂಬದೆ, ಅದೇ ಮಹಿಳೆಯಲ್ಲಿ ವರ್ಷದಿಂದ ವರ್ಷಕ್ಕೆ ಸಿಎ-125 ಏರುವ ರೀತಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಈ ದಾರಿಯನ್ನು ಪರೀಕ್ಷಿಸಿದ ಯುಕೆಸಿಟಿಓಸಿಎಸ್ ಪ್ರಯೋಗಕ್ಕೆ 2001ರಿಂದ 2005ರವರೆಗೆ ಸೇರಿದವರು 2,02,638 ಮಹಿಳೆಯರು. ಈ ವಿಧಾನದಿಂದ ಮೊದಲ ಹಂತದ ಪ್ರಕರಣಗಳು ಹೆಚ್ಚಾಗಿ ಸಿಕ್ಕವು, ನಾಲ್ಕನೆಯ ಹಂತದವು ಕಡಿಮೆಯಾದವು. ಆದರೂ 2021ರ ಅಂತಿಮ ವರದಿಯಲ್ಲಿ ಸಾವುಗಳು ತಗ್ಗಿರಲಿಲ್ಲ. ಬೇಗ ಪತ್ತೆಹಚ್ಚುವುದೇ ಜೀವ ಉಳಿಸುವುದಲ್ಲ ಎಂಬುದಕ್ಕೆ ಇಷ್ಟು ದೊಡ್ಡ ಪುರಾವೆ ವೈದ್ಯಲೋಕದಲ್ಲಿ ವಿರಳ. ಅತ್ಯಂತ ಆಕ್ರಮಣಕಾರಿಯಾದ ಬಗೆ ಬಹಳಷ್ಟು ಸಲ ಅಂಡಾಶಯದಲ್ಲಲ್ಲ, ಅಂಡನಾಳದ ತುದಿಯಲ್ಲಿ ಹುಟ್ಟಿ, ಗಡ್ಡೆ ಕಾಣುವ ಮೊದಲೇ ಹರಡಬಲ್ಲದು ಎಂಬ ಅರಿವು ಈ ಸೋಲನ್ನು ಭಾಗಶಃ ವಿವರಿಸುತ್ತದೆ.

ಸಾಮಾನ್ಯ ಅಪಾಯದ ಮಹಿಳೆಯರಿಗೆ ಈ ತಪಾಸಣೆ ಬೇಡವೆಂಬುದು 2018ರಲ್ಲಿ ಅಮೆರಿಕದ ರೋಗತಡೆ ಕಾರ್ಯಪಡೆ ಪುನರುಚ್ಚರಿಸಿದ ನಿಲುವು. ಭಾರತದ ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು ಮಾತ್ರ. ಹಾಗೆಂದು ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ವಾರಗಟ್ಟಲೆ ಮುಂದುವರಿದರೆ ಗ್ಯಾಸ್ ಎಂದು ಸುಮ್ಮನಿರಬಾರದು. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರು ಬಿಆರ್‌ಸಿಎ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು.