ಹಿರಿಯೂರಿನ ನೀರಿನ ಲೆಕ್ಕ

ಹಿರಿಯೂರು ಸೀಮೆಯಲ್ಲಿ ಜಮೀನು ನೋಡಲು ಹೋದವರು ಮಣ್ಣು ಮುಟ್ಟುವ ಮೊದಲೇ ಕೇಳುವುದು ಒಂದೇ ಮಾತು: ನೀರು ಹೆಂಗೈತೆ? ಕಂದಾಯದ ಲೆಕ್ಕದಲ್ಲಿ ಅದಕ್ಕೆ ಉತ್ತರವಾಗಿ ಮೂರು ಹೆಸರುಗಳಿವೆ. ಮಳೆ ನಂಬಿದ ಹೊಲ ಖುಷ್ಕಿ, ಕೆರೆಯದೋ ನಾಲೆಯದೋ ನೀರು ಹಾಯುವ ಗದ್ದೆ ತರಿ, ಗಿಡ ನಿಂತ ತೋಟ ಬಾಗಾಯ್ತು. ಬದುವಿನ ಆಚೆ ಈಚೆ ಇರುವುದು ಒಂದೇ ಮಣ್ಣು, ಬೀಳುವುದು ಒಂದೇ ಬಿಸಿಲು. ಆದರೂ ಆಚೆಯ ಖುಷ್ಕಿಗೂ ಈಚೆಯ ಬಾಗಾಯ್ತಿಗೂ ಬೆಲೆಯಲ್ಲಿ ಅಜಗಜಾಂತರ. ಹಿರಿಯೂರಿನ ನೂರಿಪ್ಪತ್ತು ವರ್ಷಗಳ ಚರಿತ್ರೆಯೆಲ್ಲ ಈ ಒಂದು ಬದುವಿನ ಸುತ್ತಲೇ ನಡೆದಿದೆ.

ಊರು ವೇದಾವತಿಯ ದಂಡೆಯ ಮೇಲಿದೆ. ತೇರುಮಲ್ಲೇಶ್ವರನ ಗುಡಿ, ಮಾಘದಲ್ಲಿ ತೇರು, ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಸಾಲು ಸಾಲು ಲಾರಿಗಳು: ದಾರಿಹೋಕರ ಕಣ್ಣಿಗೆ ಬೀಳುವ ಹಿರಿಯೂರು ಇಷ್ಟೇ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಐದಾರು ನೂರು ಮಿಲಿಮೀಟರ್, ಅದೂ ಬಂದರೆ ಬಂತು. ನದಿಯೊಂದು ಊರ ಪಕ್ಕದಲ್ಲೇ ಇದ್ದರೂ ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಮರಳು. ವೇದಾ, ಅವತಿ ಎಂಬ ಎರಡು ಹೊಳೆಗಳು ಚಿಕ್ಕಮಗಳೂರಿನ ಬೆಟ್ಟಗಳಿಂದ ಇಳಿದು, ಕಡೂರಿನ ಬಳಿ ಸೇರಿ, ಒಂದೇ ಹೆಸರಾಗಿ ಇತ್ತ ಹರಿಯುತ್ತವೆ. ಬರುವ ದಾರಿಯಲ್ಲೇ ಅಯ್ಯನಕೆರೆ ಒಂದರ ನೀರು ಹಿಡಿದರೆ, ಮದಗದ ಕೆರೆ ಇನ್ನೊಂದರದನ್ನು ಹಿಡಿಯುತ್ತದೆ. ಮೇಲಿನವರು ಕುಡಿದು ಬಿಟ್ಟದ್ದೇ ಹಿರಿಯೂರಿನ ಪಾಲು.

ಆ ಪಾಲನ್ನು ಕಟ್ಟಿ ನಿಲ್ಲಿಸಬೇಕೆಂಬ ಯೋಚನೆಯ ಹಿಂದೆ ದೊಡ್ಡದೊಂದು ಸಾವಿನ ನೆನಪಿತ್ತು. 1876ರಿಂದ 78ರವರೆಗೆ, ಧಾತು–ಈಶ್ವರ ಸಂವತ್ಸರಗಳಲ್ಲಿ ಬಂದ ಬರ ಮೈಸೂರು ಸೀಮೆಯನ್ನು ಹಿಂಡಿ ಹಾಕಿತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ಆಳುತ್ತಿದ್ದ ಕಾಲದಲ್ಲಿ, 1898ರಲ್ಲಿ ಮಾರಿಕಣಿವೆಯ ಕೆಲಸ ಶುರುವಾಯಿತು. ಎರಡು ಗುಡ್ಡಗಳ ನಡುವೆ ನದಿ ನುಸುಳಿ ಹೋಗುವ ಇಕ್ಕಟ್ಟಾದ ಜಾಗ ಅದು. ಕಲ್ಲು, ಗಾರೆಯ ಕಟ್ಟಡ ಮುಗಿದದ್ದು 1907ರಲ್ಲಿ. ಕನ್ನಂಬಾಡಿ ಅಣೆಕಟ್ಟಿನ ಕೆಲಸ ಆಗಿನ್ನೂ ಶುರುವಾಗಿರಲಿಲ್ಲ. ಮಹಾರಾಣಿಯವರ ಬಿರುದಿನಿಂದ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರಾಯಿತು. ಹಳಬರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. ಕಣಿವೆ ಮಾರಮ್ಮ ಅಲ್ಲೇ ಕೂತಿದ್ದಾಳೆ.

ಈಗ ಸ್ವಲ್ಪ ಲೆಕ್ಕ ಮಾಡೋಣ, ಸ್ವಾರಸ್ಯ ಇರುವುದೇ ಇಲ್ಲಿ. ಜಲಾಶಯ ತುಂಬಿದರೆ ಸುಮಾರು 30 ಟಿಎಂಸಿ (ಶತಕೋಟಿ ಘನ ಅಡಿ). ಅಚ್ಚುಕಟ್ಟು ಮೂವತ್ತು ಸಾವಿರ ಎಕರೆ ಎಂದೇ ಹಿಡಿಯಿರಿ. ತುಂಬಿದ ನೀರನ್ನೆಲ್ಲ ಆ ಜಮೀನಿನ ಮೇಲೆ ಹರವಿದರೆ 23 ಅಡಿ ಆಳ ನಿಲ್ಲುತ್ತದೆ. ಇಡೀ ಹಂಗಾಮಿನಲ್ಲಿ ಭತ್ತದ ಗದ್ದೆಗೆ ಬೇಕಾಗುವುದು ನಾಲ್ಕು ಅಡಿ. ಹಾಗಾದರೆ ಇಷ್ಟು ದೊಡ್ಡ ಕಟ್ಟೆ ಯಾಕೆ ಕಟ್ಟಿದರು? ಪ್ರತಿ ವರ್ಷ ತುಂಬುತ್ತದೆ ಎಂಬ ಭ್ರಮೆ ಕಟ್ಟಿದವರಿಗೆ ಇರಲಿಲ್ಲ ಎಂದು ನನ್ನ ತರ್ಕ. ನಾಲ್ಕು ವರ್ಷಕ್ಕೊಮ್ಮೆ ಬರುವ ದೊಡ್ಡ ಮಳೆಯನ್ನು ಹಿಡಿದಿಟ್ಟು, ಮಿಕ್ಕ ಮೂರು ವರ್ಷ ಎಣಿಸಿ ಎಣಿಸಿ ಕೊಡುವ ಕಣಜ ಇದು. ಕಣಜಕ್ಕೆ ಇಲಿಯ ಕಾಟವೂ ಇದೆ. ತುಂಬಿದಾಗ ನೀರು ಹರಡುವುದು ಎಂಬತ್ತೇಳು ಚದರ ಕಿಲೋಮೀಟರಿನಷ್ಟು. ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾದರೂ ನಾಲ್ಕೂವರೆ ಟಿಎಂಸಿ ಸೂರ್ಯನ ಪಾಲು, ಅವನು ಕಂದಾಯ ಕಟ್ಟುವವನೂ ಅಲ್ಲ.

ಕಣಜ ಎಷ್ಟು ಸಲ ತುಂಬಿತು? 1933ರಲ್ಲಿ ಕೋಡಿ ಬಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ಕೋಡಿ ನೋಡದೆಯೇ ಹುಟ್ಟಿ ಸತ್ತ ತಲೆಮಾರುಗಳಿವೆ ಈ ಊರಲ್ಲಿ.

ಆದರೆ ಊರು ಬೆಳೆದದ್ದು ಆ ಎಂಬತ್ತೊಂಬತ್ತು ವರ್ಷಗಳಲ್ಲೇ. ನಾಲೆಯ ನೀರು ಬಂದಲ್ಲಿ ಭತ್ತ ಬಂತು, ಕಬ್ಬು ಬಂತು, ಕಬ್ಬಿನ ಹಿಂದೆ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಕೃಷಿ ಸಂಶೋಧನೆಯ ಬಬ್ಬೂರು ಫಾರಂ ಉಳಿದಿದೆ. ತೆಂಗು ಎಲ್ಲಕ್ಕಿಂತ ಗಟ್ಟಿಯಾಗಿ ಬೇರು ಬಿಟ್ಟಿತು. ಭತ್ತವಾದರೆ ನೀರಿಲ್ಲದ ವರ್ಷ ಗದ್ದೆಯನ್ನು ಬೀಳು ಬಿಡಬಹುದು. ತೆಂಗು ಹಾಗಲ್ಲ. ಅದು ಎಂಟು ಹತ್ತು ವರ್ಷ ಸಾಕಿದ ಮೇಲೆ ಕೈಗೆ ಬರುವ ಮಗ, ಒಂದು ಬೇಸಿಗೆಗೆ ಉಪವಾಸ ಕೆಡವಲಾಗದು. ನಾಲೆ ನಿಂತಾಗ ಬೋರ್ ಕೊರೆಸುವುದು ಅನಿವಾರ್ಯವಾಯಿತು. ಒಂದು ಫೇಲಾದರೆ ಇನ್ನೊಂದು, ಅದೂ ಫೇಲಾದರೆ ಒಡವೆ ಅಡವಿಟ್ಟು ಮೂರನೆಯದು.

ನೀರಿಗೆ ನಿಜವಾದ ಬೆಲೆ ಬಿದ್ದದ್ದು ಆಗ. ನಾಲೆಯ ನೀರಿಗೆ ರೈತ ಕೊಡುತ್ತಿದ್ದ ನೀರ್ಗಂದಾಯ ಚಿಲ್ಲರೆ ಕಾಸು. ಅದೇ ನೀರನ್ನು ಪಾತಾಳದಿಂದ ಎತ್ತುವಾಗ ಕೊರೆತ, ಕೇಸಿಂಗ್, ಮೋಟಾರು, ಬಡ್ಡಿ ಎಲ್ಲ ಸೇರಿತು. 2017ರ ಹೊತ್ತಿಗೆ ಜಲಾಶಯ ಡೆಡ್ ಸ್ಟೋರೇಜಿನ ಅಂಚಿಗೆ ಇಳಿದಾಗ ಟ್ಯಾಂಕರೂ ಸೇರಿತು. ಎಕರೆಗೆ ಎಪ್ಪತ್ತು ತೆಂಗಿನ ಮರ, ಮರಕ್ಕೆ ದಿನಕ್ಕೆ ಎಪ್ಪತ್ತು ಲೀಟರ್ ಅಂದುಕೊಂಡರೆ ಐದು ಸಾವಿರ ಲೀಟರಿನ ಒಂದು ಟ್ಯಾಂಕರ್ ಬೇಕು, ದಿನವೂ ಬೇಕು. ಸುಳಿ ಕಳಚಿ ಬಿದ್ದು ಬೋಳು ಕಂಬಗಳಾಗಿ ನಿಂತ ತೋಟಗಳನ್ನು ಆ ವರ್ಷಗಳಲ್ಲಿ ಈ ದಾರಿಯಲ್ಲಿ ಓಡಾಡಿದವರೆಲ್ಲ ನೋಡಿದ್ದಾರೆ. ಉಳಿದಷ್ಟು ನೀರನ್ನು ಚಿತ್ರದುರ್ಗ, ಹಿರಿಯೂರು ಪಟ್ಟಣಗಳ ಕುಡಿಯುವ ನೀರಿಗೆ ಮೀಸಲಿಟ್ಟರು. ಅದು ತಪ್ಪೆಂದು ಯಾವ ರೈತನೂ ಹೇಳಲಾರ. ಆದರೆ ತನ್ನ ಮರ ಒಣಗುವುದನ್ನು ನೋಡುತ್ತ ಸುಮ್ಮನಿರುವುದೂ ಕಷ್ಟ.

ಭದ್ರೆಯ ನೀರು ತರಬೇಕೆಂದು ಇಲ್ಲಿನ ರೈತರು ವರ್ಷಗಟ್ಟಲೆ ಧರಣಿ ಕೂತರು. ಐದು ಟಿಎಂಸಿ ಕೇಳಿದವರಿಗೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಎರಡು ಟಿಎಂಸಿ ಸಿಕ್ಕಿತು. 2019ರಲ್ಲಿ ಅಜ್ಜಂಪುರದ ಕಡೆಯಿಂದ ಎತ್ತಿ ಬಿಟ್ಟ ನೀರು ವೇದಾವತಿಗೆ ಇಳಿದು ಕಣಿವೆ ಸೇರಿತು. ಆಮೇಲೆ ಒಳ್ಳೆಯ ಮಳೆಗಳಾದವು. 2022ರ ಕೋಡಿಯ ಹಿಂದೆಯೇ 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು. ಬಾಗಿನ ಅರ್ಪಿಸಿದರು, ಜನ ಜಾತ್ರೆಯಂತೆ ಸೇರಿದರು.

ನನಗೆ ದಿಗಿಲಾಗುವುದು ಕೋಡಿ ಬಿದ್ದ ವರ್ಷಗಳಲ್ಲೇ. ನೀರು ಕಂಡ ಕೂಡಲೇ ಬೆಳೆ ಬದಲಾಗುತ್ತದೆ. ಈಗ ಎಲ್ಲಿ ನೋಡಿದರೂ ಅಡಿಕೆ ಸಸಿ. ಎಕರೆಗೆ ಐನೂರು ಗಿಡ, ಗಿಡಕ್ಕೆ ಇಪ್ಪತ್ತು ಲೀಟರ್ ಅಂದರೆ ದಿನಕ್ಕೆ ಎರಡು ಟ್ಯಾಂಕರ್, ತೆಂಗಿನ ಎರಡರಷ್ಟು. ಅಡಿಕೆಗೆ ಬೆಲೆ ಇದೆ, ಹಾಕಬೇಡಿ ಎನ್ನಲು ನಾನ್ಯಾರು? ಭತ್ತದ ಲೆಕ್ಕ ಇನ್ನೂ ವಿಚಿತ್ರ: ಒಂದು ಎಕರೆಗೆ ಒಂದು ಹಂಗಾಮಿನಲ್ಲಿ ಐವತ್ತು ಲಕ್ಷ ಲೀಟರ್, ಅಂದರೆ ಸಾವಿರ ಟ್ಯಾಂಕರ್. ಟ್ಯಾಂಕರ್ ನೀರು ಕೊಂಡು ಭತ್ತ ನಾಟಿ ಮಾಡುವ ಹುಚ್ಚನನ್ನು ಯಾರೂ ಕಂಡಿಲ್ಲ. ನಾಲೆಯಲ್ಲಿ ಬಂದರೆ ಮಾತ್ರ ಅದೇ ಸಾವಿರ ಟ್ಯಾಂಕರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಭದ್ರಾ ಮೇಲ್ದಂಡೆಯ ಹೊಸ ಅಚ್ಚುಕಟ್ಟಿಗೆ, 2,25,515 ಹೆಕ್ಟೇರಿಗೆ, ಹನಿ ನೀರಾವರಿಯನ್ನೇ ಗೊತ್ತು ಮಾಡಿದ್ದಾರೆ. ಹಳೆಯ ಮಾರಿಕಣಿವೆಯ ಅಚ್ಚುಕಟ್ಟು ಮಾತ್ರ ನೂರು ವರ್ಷದ ಹಿಂದಿನ ಹಾಗೆ ಹಾಯಿ ನೀರಿನಲ್ಲೇ ಇರಬೇಕೆ?

ನಾಲೆಗೆ ನೀರು ಬಿಡುವ ದಿನ ಗೊತ್ತು ಮಾಡುವ ಅಧಿಕಾರಿಗಳಲ್ಲಿ ಒಂದು ಅರಿಕೆ. ಮುಂದಿನ ಸಲ ತಾರೀಖು ಪ್ರಕಟಿಸುವಾಗ ಜಲಾಶಯದಲ್ಲಿ ಇರುವ ನೀರೆಷ್ಟು, ಅದು ಎಷ್ಟು ವರ್ಷಕ್ಕೆ ಬರಬೇಕು, ಭತ್ತದ ಎಕರೆಗೆ ಎಷ್ಟು, ತೆಂಗಿನ ಎಕರೆಗೆ ಎಷ್ಟು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ಅಚ್ಚುಕಟ್ಟಿನ ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಿ.